ಅರಮನೆಯ ಹಾದಿಯಲ್ಲಿ ಸೈಕಲ್, ರೈತನ ಅಂಗಳದಲ್ಲಿ ಅತಿಥಿ



ನೀವು ಈ ಪುಟವನ್ನು ಓದುತ್ತಿರುವ ವಾಚನಾಲಯದ ಹೊರಗೆ ಗೋಡೆಗೆ ಒರಗಿಸಿದ ಸೈಕಲ್ ಒಂದಾದರೂ ಇದ್ದೀತು. ಡೇರಿಗೆ ಹಾಲಿನ ಕ್ಯಾನು ಸಾಗಿಸಲು, ಹೊಲದಿಂದ ಹುಲ್ಲಿನ ಹೊರೆ ತರಲು, ಸಂತೆಗೆ ಹೋಗಿಬರಲು ನಮಗೆ ಸೈಕಲ್ ಬೇಕು. ಮೋಟಾರ್ ಸೈಕಲ್ ಬಂದ ಮೇಲೆ ಅದು ಹಿತ್ತಿಲ ಮೂಲೆ ಸೇರಿದ ಮನೆಗಳೂ ಉಂಟು. ಫ್ರಾನ್ಸ್ ದೇಶದ ಒಂದು ಹೊಳೆಯ ದಂಡೆಯಲ್ಲಿ ಇದೇ ಸೈಕಲ್ ಏರಿ ಬರುವ ಪ್ರವಾಸಿಗಳು ಅಲ್ಲಿಯ ಬೇಸಾಯಗಾರರಿಗೆ ಉಪ ಆದಾಯದ ಒಂದು ದಾರಿಯಾಗಿದ್ದಾರೆ. ಅವರು ಬರುವುದು ಅರಮನೆ, ಕೋಟೆ, ಇಗರ್ಜಿಗಳನ್ನು ನೋಡಲು. ಆದರೆ ಉಣ್ಣುವುದು ಮತ್ತು ಮಲಗುವುದು ಎಷ್ಟೋ ಸಲ ರೈತನ ಮನೆಯಲ್ಲಿ.

ಕ್ಷೇತ್ರೋತ್ಸವಗಳಿಗೆ ಹೋದಾಗಲೆಲ್ಲ ನನಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. “ಬೆಳೆಯೊಂದನ್ನೇ ನಂಬಿ ನನ್ನ ಮಗ ಊರಲ್ಲಿ ಉಳೀತಾನೇನ್ರೀ ಸಾರ್?” ಹೈನುಗಾರಿಕೆ, ಕೋಳಿ, ಜೇನು, ರೇಷ್ಮೆ ಎಂದು ನಾವು ಉತ್ತರ ಹೇಳುತ್ತ ಬಂದಿದ್ದೇವೆ. ಫ್ರಾನ್ಸಿನ ರೈತರೂ ಈ ಪ್ರಶ್ನೆಯನ್ನು ಎದುರಿಸಿದವರೇ. ಆ ದೇಶದಲ್ಲಿ 1970ರಲ್ಲಿ ಸುಮಾರು 16 ಲಕ್ಷ ಬೇಸಾಯದ ಹಿಡುವಳಿಗಳಿದ್ದವು. 2020ರ ಕೃಷಿ ಗಣತಿಯ ವೇಳೆಗೆ ಅವು ನಾಲ್ಕು ಲಕ್ಷದ ಆಸುಪಾಸಿಗೆ ಇಳಿದಿದ್ದವು. ಐವತ್ತು ವರ್ಷಗಳಲ್ಲಿ ನಾಲ್ಕು ಹಿಡುವಳಿಗಳಿದ್ದಲ್ಲಿ ಒಂದು ಉಳಿಯಿತು ಎಂದಾಯಿತು. ಹಾಗೆ ಉಳಿದವರಲ್ಲಿ ಕೆಲವರು ಹಿಡಿದ ಒಂದು ದಾರಿಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ. ಬನ್ನಿ, ನಾವೂ ಮನಸ್ಸಿನಲ್ಲೇ ಸೈಕಲ್ ಏರಿ ಆ ಹೊಳೆಯ ಜೊತೆಯಲ್ಲಿ ಸಾಗೋಣ.

ಹೊಳೆ ಮತ್ತು ಏರಿ

ಹೊಳೆಯ ಹೆಸರು ಲ್ವಾರ್. ಫ್ರಾನ್ಸಿನಲ್ಲಿ ಅತಿ ಉದ್ದದ ನದಿ ಇದೇ. ಉದ್ದ ಸಾವಿರ ಕಿಲೋಮೀಟರಿಗಿಂತ ತುಸು ಹೆಚ್ಚು, ಎಂದರೆ ನಮ್ಮ ಕಾವೇರಿಗಿಂತ ದೊಡ್ಡದು. ದಕ್ಷಿಣದ ಬೆಟ್ಟಗಳಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ಓರ್ಲೆಯಾನ್ ನಗರದ ಬಳಿ ಪಶ್ಚಿಮಕ್ಕೆ ತಿರುಗಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಬೇಸಿಗೆಯಲ್ಲಿ ಮರಳ ದಿಬ್ಬಗಳ ನಡುವೆ ಸಣ್ಣ ಕವಲುಗಳಾಗಿ ಹರಿಯುವ ಈ ಹೊಳೆ ಕೆರಳಿದರೆ ಊರಿಗೆ ಊರನ್ನೇ ಮುಳುಗಿಸುತ್ತದೆ. 1846, 1856 ಮತ್ತು 1866ರಲ್ಲಿ ಬಂದ ಮೂರು ಮಹಾಪೂರಗಳನ್ನು ದಂಡೆಯ ಜನ ಇಂದಿಗೂ ನೆನೆಯುತ್ತಾರೆ. ಎಷ್ಟೋ ಊರುಗಳಲ್ಲಿ ಆ ನೀರು ಎಲ್ಲಿಯವರೆಗೆ ಏರಿತ್ತೆಂದು ಗೋಡೆಯ ಕಲ್ಲಿನಲ್ಲಿ ಗೆರೆ ಕೊರೆದು ವರ್ಷ ಬರೆದಿದ್ದಾರೆ.

ಹೊಲಗಳನ್ನು ಕಾಪಾಡಿಕೊಳ್ಳಲು ಇಲ್ಲಿಯ ಜನ ಹನ್ನೆರಡನೆಯ ಶತಮಾನದಷ್ಟು ಹಿಂದಿನಿಂದಲೂ ದಂಡೆಗೆ ಮಣ್ಣಿನ ಏರಿ ಹಾಕುತ್ತ ಬಂದಿದ್ದಾರೆ. ಇಂದು ಸೈಕಲ್ ಹಾದಿಯ ಎಷ್ಟೋ ಭಾಗ ಸಾಗುವುದು ಈ ಏರಿಗಳ ಮೇಲೆಯೇ. ಉಳಿದ ಭಾಗದ ಹೆಚ್ಚಿನದು ಹೊಲಗಳ ನಡುವಿನ ಹಳ್ಳಿರಸ್ತೆ. ಇದ್ದ ಏರಿ, ಇದ್ದ ರಸ್ತೆಗಳನ್ನೇ ಕೂಡಿಸಿ, ನೆಲ ಹದ ಮಾಡಿ, ತಿರುವುಗಳಲ್ಲಿ ಫಲಕ ನೆಟ್ಟು 1990ರ ದಶಕದಿಂದೀಚೆಗೆ ಈ ಹಾದಿಯನ್ನು ರೂಪಿಸಿದರು. ನೆವೇರ್ ಪಟ್ಟಣದ ಬಳಿಯಿಂದ ಸಮುದ್ರದವರೆಗೆ ಇದರ ಉದ್ದ ಸುಮಾರು 900 ಕಿಲೋಮೀಟರ್. ಅಟ್ಲಾಂಟಿಕ್ ಸಾಗರದಿಂದ ಕಪ್ಪು ಸಮುದ್ರದವರೆಗೆ ಹಲವು ದೇಶಗಳನ್ನು ಹಾಯುವ ಇನ್ನೂ ಉದ್ದನೆಯ ಸೈಕಲ್ ಹಾದಿಯ ಪಶ್ಚಿಮ ತುದಿ ಇದು. ಎರಡು ಪ್ರಾಂತ್ಯಗಳ ಆಡಳಿತಗಳು ಕೂಡಿ ಮಾಡಿದ ಕೆಲಸ. ಒಂದೂರಿನವರು ಮಾತ್ರ ಹಾದಿ ಮಾಡಿದ್ದರೆ ಅದು ಊರಗಡಿಯಲ್ಲೇ ನಿಲ್ಲುತ್ತಿತ್ತು.

ಈ ಹಾದಿಯ ನಡುಭಾಗದಲ್ಲಿ, ಸುಲ್ಲಿ ಎಂಬ ಊರಿನಿಂದ ಶಲೋನ್ ಎಂಬ ಊರಿನವರೆಗಿನ ಸುಮಾರು 280 ಕಿಲೋಮೀಟರ್ ಕಣಿವೆಯನ್ನು ಯುನೆಸ್ಕೋ ಸಂಸ್ಥೆ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆಗಳ ಜೊತೆಗೆ ಹೊಳೆ, ಊರು, ಬೇಸಾಯದ ಭೂಮಿ ಎಲ್ಲವನ್ನೂ ಸೇರಿಸಿ ಆ ಗೌರವ ಕೊಟ್ಟಿದ್ದಾರೆಂಬುದನ್ನು ಗಮನಿಸಿ. ನಮ್ಮ ಸವಾರಿ ಸುಲ್ಲಿಯಿಂದಲೇ ಹೊರಡಲಿ.

ಸಂತರ ಇಗರ್ಜಿ, ಹತ್ತರಲ್ಲೊಂದು ಪಾಲು

ಸುಲ್ಲಿಯಲ್ಲಿ ಸುತ್ತಲೂ ನೀರಿನ ಕಂದಕವಿರುವ ಹಳೆಯ ಕೋಟೆಮನೆಯಿದೆ. ಅಲ್ಲಿಂದ ಹೊಳೆಯ ಜೊತೆಗೆ ಅರ್ಧ ಗಂಟೆ ಪೆಡಲ್ ತುಳಿದರೆ ಸಂತ ಬೆನೆಡಿಕ್ಟರ ಹೆಸರಿನ ಊರು ಸಿಗುತ್ತದೆ. ಏಳನೆಯ ಶತಮಾನದಲ್ಲಿ ಇಲ್ಲಿ ಕ್ರೈಸ್ತ ಸನ್ಯಾಸಿಗಳ ಮಠ ಆರಂಭವಾಯಿತು. ಈಗ ನಿಂತಿರುವ ದೊಡ್ಡ ಕಲ್ಲಿನ ಇಗರ್ಜಿಯನ್ನು ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಕಟ್ಟಿದರು. ಪ್ರಾರ್ಥನೆಯ ಜೊತೆಗೆ ಪ್ರತಿದಿನ ಮೈಮುರಿದು ದುಡಿಯಬೇಕೆಂಬುದು ಬೆನೆಡಿಕ್ಟರು ತಮ್ಮ ಸನ್ಯಾಸಿಗಳಿಗೆ ಹಾಕಿಕೊಟ್ಟ ಕಟ್ಟಳೆ. ಮಠದಲ್ಲಿ ಇಂದಿಗೂ ಸನ್ಯಾಸಿಗಳಿದ್ದಾರೆ. ಅಲ್ಲಿಂದ ಸ್ವಲ್ಪ ಮುಂದೆ ಜೆರ್ಮಿನಿ ಎಂಬ ಹಳ್ಳಿಯಲ್ಲಿ 806ರಲ್ಲಿ ಕಟ್ಟಿದ ಪುಟ್ಟ ಇಗರ್ಜಿಯಿದೆ. ಚಿನ್ನದ ಹೊಳಪಿನ ಗಾಜಿನ ಚೂರುಗಳನ್ನು ಜೋಡಿಸಿ ಅದರ ಒಳಮಾಡಿನಲ್ಲಿ ಮಾಡಿದ ಚಿತ್ರ ಬಹುಕಾಲ ಸುಣ್ಣದ ಕೆಳಗೆ ಮರೆಯಾಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಬೆಳಕಿಗೆ ಬಂತು.

ನೋಡಿ ಸಂತೋಷಪಡೋಣ, ಆದರೆ ರೈತರಾದ ನಾವು ಇನ್ನೊಂದು ಮಾತನ್ನೂ ತಿಳಿದಿರಬೇಕು. ಆ ಕಾಲದಲ್ಲಿ ರೈತ ಬೆಳೆದ ಬೆಳೆಯಲ್ಲಿ ಒಂದು ಪಾಲು ಇಗರ್ಜಿಗೆ ಹೋಗಬೇಕಿತ್ತು. ಹೆಸರಿಗೆ ಅದು ಹತ್ತರಲ್ಲೊಂದು. ಊರಿನಿಂದ ಊರಿಗೆ ಪ್ರಮಾಣ ಬೇರೆಯಾಗುತ್ತಿತ್ತು. ಅದರ ಮೇಲೆ ಜಮೀನ್ದಾರನ ಪಾಲು, ಆ ಮೇಲೆ ದೊರೆಯ ತೆರಿಗೆ. ಕಣದಲ್ಲಿ ರಾಶಿ ಮಾಡಿ ಎಲ್ಲರಿಗೂ ಅಳೆದುಕೊಟ್ಟು ಉಳಿದದ್ದು ಮನೆಗೆ. ಈ ದಂಡೆಯ ಕಲ್ಲಿನ ಗೋಪುರಗಳ ಕೆಳಗೆ ಆ ಕಣಗಳ ಧಾನ್ಯವೂ ಇದೆ.

ರೈತನ ಮಗಳು, ದೊರೆಯ ಬೇಟೆಗಾಡು

ಸುಲ್ಲಿಯಿಂದ ಒಂದು ದಿನದ ಸವಾರಿಗೆ ಓರ್ಲೆಯಾನ್ ನಗರ. ಜೋನ್ ಆಫ್ ಆರ್ಕ್ ಎಂಬ ಹುಡುಗಿಯ ಕಥೆಯನ್ನು ಶಾಲೆಯಲ್ಲಿ ಓದಿರುತ್ತೀರಿ. ದೊಂರೆಮಿ ಎಂಬ ಹಳ್ಳಿಯ ರೈತನ ಮಗಳು ಆಕೆ. ಹದಿನೇಳರ ಸುಮಾರಿನ ವಯಸ್ಸಿನಲ್ಲಿ ಸೈನ್ಯದ ಮುಂದೆ ನಿಂತು 1429ರ ಮೇ ತಿಂಗಳಲ್ಲಿ ಇಂಗ್ಲಿಷರ ಮುತ್ತಿಗೆಯಿಂದ ಈ ನಗರವನ್ನು ಬಿಡಿಸಿದಳು. ಎರಡು ವರ್ಷಗಳ ತರುವಾಯ ಆಕೆಯನ್ನು ಜೀವಂತ ಸುಟ್ಟರು. ಇಂದಿಗೂ ಪ್ರತಿ ಮೇ ತಿಂಗಳಲ್ಲಿ ಓರ್ಲೆಯಾನಿನಲ್ಲಿ ಆಕೆಯ ಹೆಸರಿನ ಉತ್ಸವ ನಡೆಯುತ್ತದೆ.

ಮುಂದೆ ಹೊಳೆಯಿಂದ ತುಸು ಒಳಗೆ, ಕಾಡಿನ ನಡುವೆ ಶಾಂಬೋರ್ ಅರಮನೆ. ದೊರೆ ಒಂದನೆಯ ಫ್ರಾನ್ಸಿಸ್ 1519ರಲ್ಲಿ ಇದನ್ನು ಕಟ್ಟಿಸಲು ತೊಡಗಿದ. ನಾನ್ನೂರಕ್ಕೂ ಹೆಚ್ಚು ಕೋಣೆಗಳು. ನಡುವೆ ಒಂದರೊಳಗೊಂದು ಹೆಣೆದ ಎರಡು ಸುರುಳಿ ಮೆಟ್ಟಿಲುಗಳು; ಒಬ್ಬ ಏರುತ್ತಿದ್ದರೆ, ಇನ್ನೊಬ್ಬ ಇಳಿಯುತ್ತಿದ್ದರೆ ಇಬ್ಬರೂ ಎದುರುಬದುರಾಗುವುದಿಲ್ಲ. ಇಷ್ಟೆಲ್ಲ ಕಟ್ಟಿಸಿದ ದೊರೆ ತನ್ನ ಜೀವಮಾನದಲ್ಲಿ ಇಲ್ಲಿ ತಂಗಿದ್ದು ಎಲ್ಲ ಕೂಡಿಸಿದರೂ ಕೆಲವೇ ವಾರಗಳು. ಇದು ಬೇಟೆಗೆ ಬಂದಾಗ ಇಳಿದುಕೊಳ್ಳುವ ಮನೆ. ಸುತ್ತಲಿನ 5,440 ಹೆಕ್ಟೇರ್, ಎಂದರೆ ಸುಮಾರು 13,400 ಎಕರೆ ಕಾಡಿಗೆ 32 ಕಿಲೋಮೀಟರ್ ಉದ್ದದ ಕಲ್ಲಿನ ಗೋಡೆಯಿದೆ. ಒಳಗೆ ಇಂದಿಗೂ ಜಿಂಕೆ, ಕಾಡುಹಂದಿಗಳಿವೆ.

ಕಾಡುಹಂದಿ ಎಂದೊಡನೆ ನಿಮ್ಮ ಕಿವಿ ನಿಮಿರಿದ್ದರೆ ಅದು ಸಹಜ. ಜೋಳ, ಕಬ್ಬು, ನೆಲಗಡಲೆಯ ಹೊಲಕ್ಕೆ ರಾತ್ರಿ ಕಾವಲು ಕೂತವರಿಗೆ ಅದರ ಕಾಟವನ್ನು ಬೇರೆ ಹೇಳಬೇಕಿಲ್ಲ. ಆ ಕಾಲದ ಫ್ರಾನ್ಸಿನಲ್ಲಿ ಬೇಟೆಯ ಹಕ್ಕು ದೊರೆ ಮತ್ತು ಜಮೀನ್ದಾರರದು. ತನ್ನ ಪೈರನ್ನು ತಿನ್ನುವ ಪ್ರಾಣಿಯನ್ನೂ ರೈತ ಕೊಲ್ಲುವಂತಿರಲಿಲ್ಲ. ಇನ್ನೊಂದು ಕಾಟ ಪಾರಿವಾಳದ್ದು. ಜಮೀನ್ದಾರರು ತಮ್ಮ ಮನೆಯ ಬಳಿ ಎತ್ತರದ ಪಾರಿವಾಳದ ಗೂಡುಮನೆ ಕಟ್ಟಿಸಿ ಸಾವಿರಾರು ಹಕ್ಕಿಗಳನ್ನು ಸಾಕುತ್ತಿದ್ದರು. ಹಕ್ಕಿಯ ಮಾಂಸವೂ ಗೊಬ್ಬರವೂ ಒಡೆಯನಿಗೆ. ಹಕ್ಕಿ ಹೆಕ್ಕಿ ತಿನ್ನುತ್ತಿದ್ದ ಬಿತ್ತನೆ ಬೀಜ ರೈತನದು. 1789ರ ಆಗಸ್ಟ್ ನಾಲ್ಕರ ರಾತ್ರಿ ಫ್ರಾನ್ಸಿನ ಜನಪ್ರತಿನಿಧಿಗಳ ಸಭೆ ಇಂಥ ವಿಶೇಷ ಹಕ್ಕುಗಳನ್ನು ಕೊನೆಗಾಣಿಸಲು ತೀರ್ಮಾನಿಸಿತು. ಮುಂದಿನ ದಿನಗಳಲ್ಲಿ ಹೊರಬಿದ್ದ ಆಜ್ಞೆಯಲ್ಲಿ ಪಾರಿವಾಳದ ಹಕ್ಕು, ಬೇಟೆಯ ಹಕ್ಕು, ಇಗರ್ಜಿಯ ಪಾಲು ಮೂರೂ ರದ್ದಾದವು. ಹಳೆಯ ತೋಟದ ಮನೆಗಳ ಬಳಿ ಆ ಗೂಡುಮನೆಗಳು ಅಲ್ಲಲ್ಲಿ ಇನ್ನೂ ನಿಂತಿವೆ.

ಹೀಗೆ ಶತಮಾನಗಳ ಕಾಲ ಅರಮನೆ ಮತ್ತು ಇಗರ್ಜಿ ರೈತನ ಕಣದಿಂದ ಪಡೆದವು. ಇಂದು ಅದೇ ಅರಮನೆ, ಅದೇ ಇಗರ್ಜಿಗಳನ್ನು ನೋಡಲು ಬರುವ ಜನರಿಂದ ಆ ಸಾಲದ ಒಂದು ಚಿಕ್ಕ ಪಾಲಾದರೂ ರೈತನ ಅಂಗಳಕ್ಕೆ ಹಿಂದಿರುಗುತ್ತಿದೆ. ಅದು ಹಿಂದಿರುಗುವುದಕ್ಕೆ ಸೈಕಲ್ ಹೇಗೆ ಕಾರಣವಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಕೃಷಿಕರಾಗಿ ನೋಡಲೇಬೇಕಾದ ಇನ್ನೆರಡು ಮೂರು ಜಾಗಗಳಿವೆ.

ಹೊಳೆಗೆ ಅಡ್ಡ ನಿಂತ ಅರಮನೆ

ಬ್ಲ್ವಾ ಪಟ್ಟಣ ದಾಟಿ ಆಂಬ್ವಾಜ್ ಎಂಬ ಊರಿಗೆ ಬಂದರೆ ಅಲ್ಲಿ ದೊರೆಯ ಇನ್ನೊಂದು ಅರಮನೆ. ಹೆಸರಾಂತ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ತನ್ನ ಮುಪ್ಪಿನಲ್ಲಿ ಇಟಲಿ ಬಿಟ್ಟು ಈ ಊರಿಗೆ ಬಂದು 1519ರಲ್ಲಿ ಇಲ್ಲೇ ತೀರಿಕೊಂಡ. ಇಲ್ಲಿಂದ ಪಕ್ಕದ ಶೇರ್ ಹೊಳೆಯ ಕಡೆ ಒಂದು ಗಂಟೆಯ ಸವಾರಿ ಮಾಡಿದರೆ ಶೆನೊನ್ಸೊ. ಈ ಅರಮನೆ ಕಟ್ಟುವಾಗ ಮುಂದೆ ನಿಂತು ಕೆಲಸ ಮಾಡಿಸಿದವಳು ಕ್ಯಾಥರೀನ್ ಬ್ರಿಸೊನೆ ಎಂಬ ಗೃಹಿಣಿ. ಆಮೇಲೆ ಬಂದ ದಿಯಾನ್ ಎಂಬಾಕೆ ಹೊಳೆಗೆ ಅಡ್ಡಲಾಗಿ ಸೇತುವೆ ಹಾಕಿಸಿದಳು. ರಾಣಿ ಕ್ಯಾಥರೀನ್ ಡಿ ಮೆಡಿಸಿ ಆ ಸೇತುವೆಯ ಮೇಲೆಯೇ ಮಹಡಿ ಕಟ್ಟಿಸಿದಳು. ಒಂದನೆಯ ಮಹಾಯುದ್ಧದಲ್ಲಿ ಆ ಉದ್ದನೆಯ ಹಜಾರ ಗಾಯಾಳು ಸೈನಿಕರ ಆಸ್ಪತ್ರೆಯಾಗಿತ್ತು. ಅರಮನೆಯ ಪಕ್ಕದಲ್ಲಿ ಹದಿನಾರನೆಯ ಶತಮಾನದ ತೋಟದ ಮನೆ ಇದೆ. ಅರಮನೆಯ ಕೋಣೆಗಳನ್ನು ಅಲಂಕರಿಸುವ ಹೂವನ್ನು ಅಲ್ಲೇ ಬೆಳೆಯುತ್ತಾರೆ.

ರೇಷ್ಮೆ ಬೆಳೆಗಾರರು ತಿಳಿಯಬೇಕಾದ ಒಂದು ಸಂಗತಿಯೂ ಇಲ್ಲಿದೆ. ಸಮೀಪದ ತೂರ್ ನಗರದಲ್ಲಿ ದೊರೆ ಹನ್ನೊಂದನೆಯ ಲೂಯಿ 1470ರಲ್ಲಿ ರೇಷ್ಮೆ ನೇಯ್ಗೆಯನ್ನು ನೆಲೆಗೊಳಿಸಿದ. ಅದರ ಬೆನ್ನಿಗೆ ಈ ಸೀಮೆಯಲ್ಲಿ ಹಿಪ್ಪುನೇರಳೆ ಗಿಡಗಳೂ ಬಂದವು.

ವಿಲಾಂದ್ರಿಯ ತರಕಾರಿ ತೋಟ

ತೂರ್ ನಗರದಿಂದ ಪಶ್ಚಿಮಕ್ಕೆ ಸುಮಾರು ಹದಿನೈದು ಕಿಲೋಮೀಟರ್ ಹೋದರೆ ವಿಲಾಂದ್ರಿ. ಇಲ್ಲಿಗೆ ಬಂದ ಜನ ಅರಮನೆಗಿಂತ ಹೆಚ್ಚು ಹೊತ್ತು ನಿಲ್ಲುವುದು ತರಕಾರಿ ತೋಟದ ಮುಂದೆ. ಸ್ಪೇನ್ ದೇಶದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ವಿಜ್ಞಾನಿಯಾಗಿದ್ದ ಜೋಕಿಂ ಕರ್ವಾಲೊ ಎಂಬಾತ 1906ರಲ್ಲಿ ಈ ಅರಮನೆಯನ್ನು ಕೊಂಡು, ಹಳೆಯ ಕಾಲದ ಮಾದರಿಯಲ್ಲಿ ತೋಟಗಳನ್ನು ಮತ್ತೆ ಹಾಕಿಸಿದ. ತರಕಾರಿ ತೋಟದಲ್ಲಿ ಒಂಬತ್ತು ಚೌಕಗಳಿವೆ. ಎಲೆಕೋಸು, ಬೀಟ್‌ರೂಟ್, ಈರುಳ್ಳಿ ಜಾತಿಯ ಸೊಪ್ಪು, ಕುಂಬಳ ಎಲ್ಲವನ್ನೂ ಎಲೆಯ ಬಣ್ಣ ನೋಡಿ ರಂಗೋಲಿಯ ಹಾಗೆ ನೆಟ್ಟಿರುತ್ತಾರೆ.

ನೋಡುವವರಿಗೆ ರಂಗೋಲಿ ಕಾಣುತ್ತದೆ. ನಾವು ನೋಡಬೇಕಾದದ್ದು ಬೆಳೆ ಸರದಿಯನ್ನು. ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ನಾಟಿ. ಸುಮಾರು ನಲವತ್ತು ಬಗೆಯ ತರಕಾರಿಗಳು, ಎಂಟು ಸಸ್ಯ ಕುಟುಂಬಗಳು. ಒಂದು ಕುಟುಂಬದ ಬೆಳೆ ಒಂದು ಚೌಕದಲ್ಲಿ ಬಂದರೆ ಮತ್ತೆ ಅಲ್ಲಿಗೆ ಬರುವುದು ಮೂರು ವರ್ಷಗಳ ಸರದಿ ಕಳೆದ ಮೇಲೆ. ಕೋಸಿನ ಹಿಂದೆ ಕೋಸು, ಬದನೆಯ ಹಿಂದೆ ಟೊಮೆಟೊ ಹಾಕಬೇಡಿರೆಂದು ನಾವು ಹೇಳುವುದೂ ಇದನ್ನೇ. ಒಂದೇ ಕುಟುಂಬದ ಬೆಳೆ ಒಂದೇ ನೆಲದಲ್ಲಿ ಪದೇ ಪದೇ ಬಂದರೆ ಆ ಕುಟುಂಬದ ರೋಗ, ಹುಳುಗಳು ಮಣ್ಣಿನಲ್ಲಿ ಮನೆ ಮಾಡುತ್ತವೆ. ಒಂದೇ ಆಳದ, ಒಂದೇ ಬಗೆಯ ಪೋಷಕಾಂಶ ಬರಿದಾಗುತ್ತದೆ. 2009ರಿಂದ ಈ ತೋಟವನ್ನು ಸಾವಯವ ರೀತಿಯಲ್ಲಿ ನಡೆಸುತ್ತಿದ್ದಾರೆ.

ಕತ್ತೆ ಕಲಿಸಿದ ಪಾಠ, ಗುಹೆಯ ಅಣಬೆ

ವಿಯೆನ್ ಹೊಳೆ ಬಂದು ಲ್ವಾರ್ ಸೇರುವ ಸಂಗಮದಲ್ಲಿ ಕಾಂಡ್ ಎಂಬ ಊರು. ಚಳಿಯಲ್ಲಿ ನಡುಗುತ್ತಿದ್ದ ಬಡವನಿಗೆ ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನೆಂದು ಹೇಳುವ ಸಂತ ಮಾರ್ಟಿನ್ 397ರಲ್ಲಿ ಇಲ್ಲಿಯೇ ತೀರಿಕೊಂಡ. ಆತನ ಹೆಸರಿನ ಇಗರ್ಜಿ ಸಂಗಮದ ಮೇಲೆ ನಿಂತಿದೆ. ಆತನ ಬಗ್ಗೆ ದ್ರಾಕ್ಷಿ ಬೆಳೆಗಾರರು ಒಂದು ಕಥೆ ಹೇಳುತ್ತಾರೆ. ಸಂತನ ಕತ್ತೆ ಒಮ್ಮೆ ಕಟ್ಟು ಬಿಚ್ಚಿಕೊಂಡು ದ್ರಾಕ್ಷಿ ತೋಟಕ್ಕೆ ನುಗ್ಗಿ ಬಳ್ಳಿಗಳನ್ನು ಮೇಯ್ದುಬಿಟ್ಟಿತಂತೆ. ಬೆಳೆ ಹೋಯಿತೆಂದು ಎಲ್ಲರೂ ತಲೆ ಮೇಲೆ ಕೈಹೊತ್ತರು. ಮರುವರ್ಷ ನೋಡಿದರೆ ಕತ್ತೆ ತಿಂದ ಬಳ್ಳಿಗಳಲ್ಲೇ ಗೊಂಚಲು ಚೆನ್ನಾಗಿ ಬಂದಿದ್ದವು. ಬಳ್ಳಿ ಸವರುವುದನ್ನು ಜನ ಹೀಗೆ ಕಲಿತರೆಂಬುದು ಕಥೆ. ಚಾಟನಿ ಮಾಡಲು ಕೈ ಬಾರದ ಹೊಸ ಬೆಳೆಗಾರರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ಹತ್ತಿರದಲ್ಲೇ ಫೊಂತೆವ್ರೊ ಮಠ. 1101ರಲ್ಲಿ ಸ್ಥಾಪನೆಯಾದ ಈ ಮಠದಲ್ಲಿ ಗಂಡಸರೂ ಹೆಂಗಸರೂ ಇದ್ದರು. ಇಡೀ ಮಠದ ಆಡಳಿತ ಒಬ್ಬ ಮಹಿಳೆಯ ಕೈಯಲ್ಲಿರುತ್ತಿತ್ತು. 1804ರಲ್ಲಿ ಸರ್ಕಾರ ಇದನ್ನು ಸೆರೆಮನೆ ಮಾಡಲು ಆಜ್ಞೆ ಹೊರಡಿಸಿತು. 1963ರವರೆಗೆ ಅದು ಹಾಗೆಯೇ ಇದ್ದು, ಈಗ ಜನ ನೋಡುವ ಸ್ಥಳವಾಗಿದೆ.

ಇಲ್ಲಿಂದ ಸೊಮೂರ್ ಪಟ್ಟಣದವರೆಗೆ ಹಾದಿಯ ಪಕ್ಕದಲ್ಲಿ ಬಿಳಿಯ ಕಲ್ಲಿನ ಗೋಡೆಯಂಥ ಬೆಟ್ಟ. ಅರಮನೆ, ಇಗರ್ಜಿಗಳಿಗೆ ಬೇಕಾದ ಮೆತುವಾದ ಸುಣ್ಣಕಲ್ಲನ್ನು ಇಲ್ಲಿಂದಲೇ ಕಡಿದು ದೋಣಿಯಲ್ಲಿ ಸಾಗಿಸಿದರು. ಕಲ್ಲು ತೆಗೆದ ಮೇಲೆ ಉಳಿದದ್ದು ಕಿಲೋಮೀಟರ್‌ಗಟ್ಟಲೆ ಉದ್ದದ ಗುಹೆಗಳು. ಒಳಗೆ ವರ್ಷವಿಡೀ ತಂಪು, ಕತ್ತಲು, ತೇವ. ಕುದುರೆ ಲದ್ದಿ ಮತ್ತು ಗೋಧಿ ಹುಲ್ಲನ್ನು ಕಳಿಸಿ ಈ ಗುಹೆಗಳಲ್ಲಿ ಗುಂಡಿ ಅಣಬೆ ಬೆಳೆಯಲು ಜನ ಕಲಿತರು. ಹವಾನಿಯಂತ್ರಿತ ಶೆಡ್ಡುಗಳೂ ಹೊರದೇಶದ ಅಗ್ಗದ ಅಣಬೆಯೂ ಬಂದ ಮೇಲೆ ಆ ಕಸುಬು ಬಹಳ ಕುಗ್ಗಿತು. ಉಳಿದವರಲ್ಲಿ ಕೆಲವರು ಗುಹೆಯನ್ನೇ ಪ್ರವಾಸಿಗಳಿಗೆ ತೆರೆದು, ಬೆಳೆಯುವ ಬಗೆ ತೋರಿಸಿ, ಅಲ್ಲೇ ಅಣಬೆಯ ಅಡುಗೆ ಮಾಡಿ ಬಡಿಸುತ್ತಾರೆ.

ಹಣ ಹಳ್ಳಿಯಲ್ಲಿ ಉಳಿಯುವ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಸುಲ್ಲಿಯಿಂದ ಶಲೋನ್‌ವರೆಗಿನ 280 ಕಿಲೋಮೀಟರನ್ನು ಕಾರಿನವನು ಒಂದೇ ದಿನದಲ್ಲಿ ಮುಗಿಸಬಲ್ಲ. ಬೆಳಿಗ್ಗೆ ಒಂದು ಅರಮನೆ, ಸಂಜೆ ಒಂದು ಅರಮನೆ, ರಾತ್ರಿ ದೊಡ್ಡ ಊರಿನ ಹೋಟೆಲು. ನಡುವಿನ ಹಳ್ಳಿಗಳಿಗೆ ಅವನಿಂದ ಬರುವುದು ಧೂಳು ಮಾತ್ರ. ಸೈಕಲ್ ಸವಾರ ದಿನಕ್ಕೆ 40 ಕಿಲೋಮೀಟರ್ ಸಾಗಿದರೆ ಅವನಿಗೆ ಏಳು ದಿನ ಬೇಕು. ಏಳು ದಿನವೆಂದರೆ ಏಳು ರಾತ್ರಿಯ ತಂಗುವಿಕೆ, ದಿನಕ್ಕೆ ಮೂರರಂತೆ ಇಪ್ಪತ್ತೊಂದು ಹೊತ್ತಿನ ಊಟ ತಿಂಡಿ. ಅವನು ನಿಲ್ಲುವುದು ದೊಡ್ಡ ಊರು ಬಂದಾಗ ಅಲ್ಲ, ಕಾಲು ಸೋತಾಗ. ಕಾಲು ಸೋಲುವುದು ಹೆಚ್ಚಾಗಿ ಹಳ್ಳಿಯ ಬಳಿಯಲ್ಲೇ. ಈ ಹಾದಿಯಲ್ಲಿ ಸಮುದ್ರದ ಕಡೆ ಹೋಗುವವನಿಗೆ ಪಡುವಣ ಗಾಳಿ ಎದುರಾಗುವುದರಿಂದ ಒಮ್ಮೊಮ್ಮೆ ಅಂದುಕೊಂಡದ್ದಕ್ಕಿಂತ ಮೊದಲೇ ಸೋಲುತ್ತದೆ.

ಇನ್ನೊಂದು ಅಂಶವೂ ಉಂಟು. ಸೈಕಲ್ಲಿನವನು ಮೂಟೆ ಹೊರಲಾರ. ಆದುದರಿಂದ ಅವನು ಕೊಳ್ಳುವುದು ಕೂಡಲೇ ತಿನ್ನುವಂಥದ್ದು, ಚಿಕ್ಕ ಪ್ರಮಾಣದ್ದು, ತಾಜಾ ಇರುವಂಥದ್ದು. ಒಂದು ಗೊಂಚಲು ದ್ರಾಕ್ಷಿ, ನಾಲ್ಕು ಸೇಬು, ಒಂದು ತುಂಡು ಚೀಸ್. ಚಿಕ್ಕ ಹಿಡುವಳಿದಾರ ಸುಲಭವಾಗಿ ಕೊಡಬಲ್ಲದ್ದೂ ಇದೇ. ತೂರ್ ಸೀಮೆಯ ಸೇಂಟ್ ಮೋರ್ ಎಂಬ ಮೇಕೆ ಹಾಲಿನ ಚೀಸನ್ನೇ ನೋಡಿ. ಉದ್ದನೆಯ ಉರುಳೆಯಂತಿರುವ ಇದರ ನಡುವೆ ಒಂದು ಹುಲ್ಲಿನ ಕಡ್ಡಿ ತೂರಿಸಿರುತ್ತಾರೆ. ಕಡ್ಡಿಯ ಮೇಲೆ ಚೀಸಿನ ಹೆಸರನ್ನೂ ಮಾಡಿದವರ ಗುರುತನ್ನೂ ಮೂಡಿಸಿರುತ್ತಾರೆ. 1990ರಿಂದ ಆ ಸೀಮೆಯ ಹೊರಗೆ ಮಾಡಿದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ, ನಂಜನಗೂಡಿನ ರಸಬಾಳೆಗೆ ಇರುವ ಭೌಗೋಳಿಕ ಸೂಚಿಯ ರಕ್ಷಣೆಯಂಥದೇ ಇದು.

ರಾತ್ರಿ ತಂಗಲು ರೈತರ ಮನೆಗಳ ಏರ್ಪಾಡು ಸೈಕಲ್ ಹಾದಿಗಿಂತ ಬಹಳ ಹಳೆಯದು. ಹಳ್ಳಿಗಳು ಬರಿದಾಗುತ್ತಿದ್ದ ಕಾಲದಲ್ಲಿ, 1951ರಲ್ಲಿ, ಪಾಳು ಬೀಳುತ್ತಿದ್ದ ತೋಟದ ಮನೆಗಳನ್ನು ದುರಸ್ತಿ ಮಾಡಿ ಪೇಟೆಯವರಿಗೆ ಬಾಡಿಗೆಗೆ ಕೊಡುವ ಪದ್ಧತಿ ಫ್ರಾನ್ಸಿನಲ್ಲಿ ಆರಂಭವಾಯಿತು. 1955ರಲ್ಲಿ ಇಂಥ ಮನೆಗಳ ಒಕ್ಕೂಟ ಹುಟ್ಟಿತು. 1988ರಲ್ಲಿ ಅಲ್ಲಿಯ ರೈತರ ಪ್ರಾತಿನಿಧಿಕ ಸಂಸ್ಥೆಗಳಾದ ಕೃಷಿ ಮಂಡಲಿಗಳು ‘ತೋಟಕ್ಕೆ ಸ್ವಾಗತ’ ಎಂಬ ಅರ್ಥದ ಹೆಸರಿನಲ್ಲಿ, ತೋಟದಲ್ಲೇ ಮಾರುವ, ಉಣಿಸುವ, ತಂಗಿಸುವ ರೈತರ ಕೂಟವನ್ನು ಕಟ್ಟಿದವು. ಸೈಕಲ್ ಹಾದಿ ಬಂದಾಗ ಅತಿಥಿಯನ್ನು ಕಾಣುವ ರೂಢಿ ಆಗಲೇ ಬೆಳೆದಿತ್ತು.

ಈಗ ಸೈಕಲ್ ಅತಿಥಿಗಳನ್ನು ಸೇರಿಸಿಕೊಳ್ಳುವ ಮನೆಗಳಿಗೆ ಒಂದು ಗುರುತಿನ ಫಲಕ ಕೊಡುತ್ತಾರೆ. ಅದಕ್ಕೆ ಬೇಕಾದ ಮುಖ್ಯ ಅಂಶಗಳು ಇಷ್ಟೇ:

1. ಮನೆ ಹಾದಿಯಿಂದ 5 ಕಿಲೋಮೀಟರ್ ಒಳಗಿರಬೇಕು.
2. ಸೈಕಲ್ ಇಡಲು ಭದ್ರವಾದ ಜಾಗವಿರಬೇಕು. ಹಳೆಯ ದನದ ಕೊಟ್ಟಿಗೆಯೂ ಆದೀತು.
3. ಪಂಕ್ಚರ್ ಹಾಕಲು, ನಟ್ಟು ಬಿಗಿಯಲು ಬೇಕಾದ ಸಾಮಾನು, ಗಾಳಿ ಹೊಡೆಯುವ ಪಂಪು ಇರಬೇಕು.
4. ಬೆವರಿನ ಬಟ್ಟೆ ಒಗೆದು ಒಣಗಿಸಲು ಅನುಕೂಲವಿರಬೇಕು.
5. ಬೆಳಿಗ್ಗೆ ಹೊಟ್ಟೆ ತುಂಬುವಂಥ ತಿಂಡಿ ಸಿಗಬೇಕು. ಹಾದಿಯ ಬಗ್ಗೆ ಸರಿಯಾಗಿ ತಿಳಿಸಿ ಹೇಳಬೇಕು.

ಇವುಗಳಲ್ಲಿ ಸಾಲ ಮಾಡಿ ಮಹಲು ಕಟ್ಟಬೇಕಾದದ್ದು ಒಂದೂ ಇಲ್ಲ.

ಬೆಳಕಿನ ಕೆಳಗಿನ ನೆರಳು

ಯಾವುದೇ ಉಪಕಸುಬನ್ನು ಹೇಳುವಾಗ ನಷ್ಟದ ಪುಟವನ್ನೂ ತೆರೆಯಬೇಕು. ಲ್ವಾರ್ ಕಣಿವೆಯಲ್ಲಿ ಸೈಕಲ್ ಸವಾರಿಯ ಕಾಲ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಜುಲೈ, ಆಗಸ್ಟ್ ತಿಂಗಳಲ್ಲಿ ಅತಿ ಹೆಚ್ಚು ಜನ. ಗೋಧಿ ಕೊಯ್ಲು ಬರುವುದು ಆಗಲೇ. ಸೆಪ್ಟೆಂಬರ್ ಬಂದರೆ ದ್ರಾಕ್ಷಿ ಕೊಯ್ಲು. ಹೊಲದಲ್ಲಿ ಕೈ ಸಾಲದಿರುವ ದಿನವೇ ಮನೆಯಲ್ಲಿ ನಾಲ್ಕು ಜನ ಅತಿಥಿಗಳು. ಹಾಸಿಗೆ ಹಾಸುವುದು, ಒಗೆಯುವುದು, ಅಡುಗೆ ಮಾಡುವುದು ಎಲ್ಲವೂ ಮನೆಯ ಹೆಂಗಸರ ಮೇಲೆ ಬಿದ್ದರೆ ಉಪ ಆದಾಯವೆಂಬುದು ಅವರಿಗೆ ಉಪದ್ರವವಾಗುತ್ತದೆ. ಕೆಲಸ ಯಾರದೋ ಆದಾಯದ ಲೆಕ್ಕಪುಸ್ತಕವೂ ಅವರ ಕೈಯಲ್ಲಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು, ಊರು ಚೆಂದವಾದಂತೆ ಪೇಟೆಯವರ ಕಣ್ಣು ಅದರ ಮೇಲೆ ಬೀಳುತ್ತದೆ. ಫ್ರಾನ್ಸಿನಲ್ಲಿ ಹತ್ತು ಮನೆಗಳಲ್ಲಿ ಸುಮಾರು ಒಂದು ಮನೆ ರಜೆಗೆ ಮಾತ್ರ ಬಾಗಿಲು ತೆರೆಯುವಂಥದ್ದು. ಹಾಗಾದ ಬೀದಿಯಲ್ಲಿ ಚಳಿಗಾಲದ ಸಂಜೆ ದೀಪ ಕಾಣುವುದಿಲ್ಲ. ಮನೆಯ ಬೆಲೆ ಏರಿದರೆ ಊರಿನ ಹುಡುಗನಿಗೇ ಊರಿನಲ್ಲಿ ಮನೆ ದಕ್ಕುವುದಿಲ್ಲ. ಮಗ ಉಳಿಯಲೆಂದು ಹಿಡಿದ ದಾರಿ ಮಗನನ್ನೇ ಹೊರಗಟ್ಟಬಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ರೋಗ, ಯುದ್ಧ, ಪ್ರವಾಹ ಬಂದರೆ ಮೊದಲು ನಿಲ್ಲುವುದು ಪ್ರವಾಸ. 2020ರಲ್ಲಿ ಕೊರೋನಾ ಬಂದಾಗ ಜಗತ್ತಿನ ಅರಮನೆ, ಗುಡಿ, ಇಗರ್ಜಿಗಳ ಬಾಗಿಲು ಮುಚ್ಚಿದ್ದನ್ನು ನಾವೇ ಕಂಡಿದ್ದೇವೆ. ಆಗಲೂ ಹಸು ಹಾಲು ಕೊಟ್ಟಿತು, ಹೊಲ ಪೈರು ಕೊಟ್ಟಿತು. ಅತಿಥಿ ಮಜ್ಜಿಗೆಯ ಒಗ್ಗರಣೆಯಂತಿರಬೇಕೇ ಹೊರತು ಮಜ್ಜಿಗೆಯೇ ಆಗಬಾರದು.

ನಮ್ಮ ಪಾಲಿಗೆ

ಲ್ವಾರ್ ದಂಡೆಯಲ್ಲಿ ಇರುವುದೆಲ್ಲ ನಮ್ಮಲ್ಲಿ ಇಲ್ಲ. ಆ ರಸ್ತೆಯ ಅಚ್ಚುಕಟ್ಟಂತೂ ಇಲ್ಲವೇ ಇಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ತಮ್ಮ ಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುತ್ತಿರುವುದನ್ನು ನೀವು ಕೇಳಿರುತ್ತೀರಿ. ಅಂಥದ್ದಕ್ಕೆ ಕೈ ಹಾಕುವ ಮನಸ್ಸಿದ್ದವರು ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೋಂದಣಿಯ ನಿಯಮಗಳನ್ನು ಮೊದಲು ಕೇಳಿ ತಿಳಿಯಬೇಕು. ಮನೆ ಕಟ್ಟಿದ ಮೇಲೆ ಕೇಳುವುದು ಬಿತ್ತಿದ ಮೇಲೆ ಮಣ್ಣು ಪರೀಕ್ಷೆ ಮಾಡಿಸಿದ ಹಾಗೆ.

ಅದಕ್ಕೂ ಮೊದಲು ಮಾಡಬಹುದಾದ, ಕಾಸು ಖರ್ಚಿಲ್ಲದ ಒಂದು ಕೆಲಸ ಹೇಳುತ್ತೇನೆ. ಒಂದು ಭಾನುವಾರ ನಿಮ್ಮ ಊರಿನ ಹುಡುಗರು ಸೈಕಲ್ ಹೊರತೆಗೆದು ಸುತ್ತಲಿನ ನಾಲ್ಕು ಊರು ಸುತ್ತಿಬರಲಿ. ಹಳೆಯ ಕೋಟೆ, ಗುಡಿ, ಚರ್ಚು, ಕೆರೆ ಏರಿ, ವೀರಗಲ್ಲು ಎಲ್ಲೆಲ್ಲಿವೆ. ಎಲ್ಲಿ ನೆರಳಿದೆ, ಎಲ್ಲಿ ಕುಡಿಯುವ ನೀರಿದೆ. ಯಾವ ತಿಂಗಳಲ್ಲಿ ಯಾವ ಹೊಲದಲ್ಲಿ ಏನು ಬೆಳೆ ನಿಂತಿರುತ್ತದೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಇದೇ ವಾಚನಾಲಯದ ಗೋಡೆಗೆ ಅಂಟಿಸಲಿ. ಹೊರಗಿನವರು ಬರಲಿ ಬಿಡಲಿ, ತನ್ನ ನೆಲದಲ್ಲಿ ಏನಿದೆಯೆಂದು ತಿಳಿದ ಹುಡುಗ ಅದನ್ನು ಬಿಟ್ಟುಹೋಗುವ ಮುನ್ನ ಒಂದು ಸಲ ಯೋಚಿಸುತ್ತಾನೆ.

ಬೇಸಿಗೆ ಬಂದರೆ ದಾರಿಹೋಕನಿಗಾಗಿ ಅರವಟ್ಟಿಗೆ ಇಟ್ಟು ನೀರು ಮಜ್ಜಿಗೆ ಕೊಟ್ಟ ನಾಡು ನಮ್ಮದು. ದಣಿದು ಬಂದವನನ್ನು ನಿಲ್ಲಿಸಿಕೊಳ್ಳುವ ಪಾಠವನ್ನು ನಾವು ಹೊರಗಿನಿಂದ ಕಲಿಯಬೇಕಿಲ್ಲ. ಲ್ವಾರ್ ದಂಡೆಯ ರೈತನಿಂದ ಕಲಿಯಬೇಕಾದದ್ದು ಲೆಕ್ಕ ಇಡುವುದನ್ನು, ನೆರೆಯೂರಿನವರೊಡನೆ ಕೂಡಿ ಹಾದಿ ಜೋಡಿಸುವುದನ್ನು, ಮತ್ತು ಅತಿಥಿ ಬಂದ ದಿನವೂ ಹೊಲದ ಕೆಲಸ ಬಿಡದಿರುವುದನ್ನು.